ಚಿಕ್ಕಬಳ್ಳಾಪುರಕ್ಕೆ ಹೊಸಬರೇ? ಭಾನುವಾರ ಯಾವ ದಿಕ್ಕಿಗೆ ಹೊರಡಬೇಕು

ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿ ಬಂದವರು ಮೊದಲ ಭಾನುವಾರ ನಂದಿ ಬೆಟ್ಟಕ್ಕೆ ಹೋಗುತ್ತಾರೆ. ಎರಡನೇ ಭಾನುವಾರ ಆದಿಯೋಗಿ. ಮೂರನೇ ವಾರಕ್ಕೆ "ಇಲ್ಲಿ ಇನ್ನೇನಿದೆ?" ಅಂತ ಬೆಂಗಳೂರಿನ ಮಾಲ್ ಕಡೆ ಗಾಡಿ ತಿರುಗಿಸುತ್ತಾರೆ. ಬ್ಯಾಂಕಿಗೆ ಬಂದವರು, ಶಾಲೆಗೆ ಬಂದವರು, ಆಸ್ಪತ್ರೆಗೆ ಬಂದವರು, ಎಲ್ಲರ ಬಾಯಲ್ಲೂ ಈ ಮಾತು ಕೇಳಿದ್ದೇನೆ. ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಯಾಕೆಂದರೆ ಈ ಊರಿನಿಂದ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವಷ್ಟು ದೂರದಲ್ಲಿ ಬೆಟ್ಟ, ಕೋಟೆ, ಕೆರೆ, ಸಾವಿರ ವರ್ಷದ ಗುಡಿ, ಸ್ವಾತಂತ್ರ್ಯ ಹೋರಾಟದ ಜಾಗ ಎಲ್ಲವೂ ಇವೆ.

ಎಲ್ಲಕ್ಕೂ ಹೋಗಿ ಅಂತ ಪಟ್ಟಿ ಕೊಟ್ಟರೆ ಏನೂ ಪ್ರಯೋಜನ ಇಲ್ಲ. ರಜೆ ಇರುವುದು ಒಂದು ದಿನ. ಹಾಗಾಗಿ ಒಂದೇ ಬಗೆಯ ಜಾಗಗಳನ್ನು ಅಕ್ಕಪಕ್ಕ ಇಟ್ಟು, ಯಾರಿಗೆ ಯಾವುದು ಸರಿ ಅಂತ ಹೇಳುತ್ತೇನೆ. ಎಷ್ಟು ಹೆಸರು ಮಾಡಿದೆ ಅನ್ನುವುದನ್ನು ನೋಡಿ ಆರಿಸಬೇಡಿ. ಜೊತೆಗೆ ಯಾರು ಬರುತ್ತಾರೆ, ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬಲ್ಲಿರಿ, ಈಗ ಯಾವ ತಿಂಗಳು, ಈ ಮೂರನ್ನು ನೋಡಿ ಆರಿಸಿ.

ಮೊದಲು ಊರಿನ ದಿಕ್ಕು ತಿಳಿದುಕೊಳ್ಳಿ. ಚಿಕ್ಕಬಳ್ಳಾಪುರ ಎರಡು ದೊಡ್ಡ ರಸ್ತೆಗಳು ಸೇರುವ ಜಾಗದಲ್ಲಿದೆ. ಒಂದು ಬೆಂಗಳೂರಿನಿಂದ ಬಾಗೇಪಲ್ಲಿ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿ. ಇನ್ನೊಂದು ಪಶ್ಚಿಮದ ಗೌರಿಬಿದನೂರಿನಿಂದ ಬಂದು, ನಮ್ಮೂರು ದಾಟಿ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲಿನ ಕಡೆ ಹೋಗುವ ರಸ್ತೆ. ನೋಡುವಂಥ ಜಾಗಗಳೆಲ್ಲ ಹೆಚ್ಚುಕಮ್ಮಿ ಈ ನಾಲ್ಕು ದಿಕ್ಕಿಗೆ ಹಂಚಿಕೊಂಡಿವೆ. ಬೆಳಿಗ್ಗೆ ನಂದಿ, ಮಧ್ಯಾಹ್ನ ಕೈವಾರ, ಸಂಜೆ ಗುಡಿಬಂಡೆ ಅಂತ ಹೊರಟವರು ನೋಡಿದ್ದಕ್ಕಿಂತ ಓಡಾಡಿದ್ದೇ ಜಾಸ್ತಿ. ಒಂದು ದಿನಕ್ಕೆ ಒಂದೇ ದಿಕ್ಕು ಸಾಕು.

ನಂದಿ: ಮೇಲೋ, ಬುಡವೋ?

ನಂದಿ ಅಂದರೆ ಎಲ್ಲರಿಗೂ ನೆನಪಾಗುವುದು ಬೆಟ್ಟದ ತುದಿ. 1,478 ಮೀಟರ್ ಎತ್ತರ, ಮಂಜು, ಸೂರ್ಯೋದಯ. ನಮ್ಮೂರಿನಿಂದ ಸುಮಾರು 20 ಕಿ.ಮೀ. ಆದರೆ ಶನಿವಾರ, ಭಾನುವಾರ ನಸುಕಿಗೇ ಬೆಂಗಳೂರಿನ ಗಾಡಿಗಳು ಸಾಲುಗಟ್ಟಿರುತ್ತವೆ. ವಾರಾಂತ್ಯದಲ್ಲಿ ಗಾಡಿಗಳ ಸಂಖ್ಯೆಗೆ ಮಿತಿ, ಆನ್‌ಲೈನ್ ಬುಕಿಂಗ್ ಅಂತ ನಿಯಮಗಳು ಬಂದಿವೆ. ಇವು ಆಗಾಗ ಬದಲಾಗುತ್ತವೆ, ಹಿಂದಿನ ದಿನವೇ ನೋಡಿಕೊಂಡು ಹೊರಡಿ.

ಇಲ್ಲೇ ಮನೆ ಮಾಡಿರುವ ನಿಮಗೆ ಬೆಂಗಳೂರಿನವರಿಗೆ ಇಲ್ಲದ ಒಂದು ಅನುಕೂಲ ಇದೆ. ವಾರದ ನಡುವೆ ಒಂದು ರಜೆ ಸಿಕ್ಕರೆ ಸಾಕು. ಬುಧವಾರದ ನಂದಿ ಬೆಟ್ಟವೇ ಬೇರೆ. ಮರಗಳ ಕೆಳಗೆ ಹಕ್ಕಿಗಳ ಸದ್ದು ಕೇಳಿಸುತ್ತದೆ. ಸುತ್ತೆಲ್ಲ ಒಣ ಬಂಡೆ ನಾಡಾದರೂ ಈ ಬೆಟ್ಟದ ನೆತ್ತಿಯಲ್ಲಿ ದಟ್ಟ ಹಸಿರಿನ ಕಾಡಿದೆ. ಪಶ್ಚಿಮ ಘಟ್ಟದಲ್ಲಿ ಕಾಣುವ ನೀಲಗಿರಿ ಕಾಡುಪಾರಿವಾಳ ಇಲ್ಲೂ ಇದೆ. ಚಳಿಗಾಲದಲ್ಲಿ ಹಕ್ಕಿ ನೋಡುವವರು ದುರ್ಬೀನು ಹಿಡಿದು ಬರುವುದು ಇದಕ್ಕೇ.

ಮೇಲೆ ನೋಡಲಿಕ್ಕೆ ಇನ್ನೂ ಬೇಕಾದಷ್ಟಿದೆ. ಟಿಪ್ಪುವಿನ ಬೇಸಿಗೆ ಅರಮನೆ, ಅಮೃತ ಸರೋವರ, ಯೋಗನಂದೀಶ್ವರನ ಗುಡಿ, ಟಿಪ್ಪು ಡ್ರಾಪ್ ಅನ್ನುವ ಕಡಿದಾದ ಪ್ರಪಾತ. 1791ರ ಅಕ್ಟೋಬರಿನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೇನೆ ಈ ಕೋಟೆಗೆ ಲಗ್ಗೆ ಹಾಕಿ ಹಿಡಿದುಕೊಂಡಿತು. ಬುಡದಿಂದ ತಲೆ ಎತ್ತಿ ಆ ಕಡಿದಾದ ಬಂಡೆ ನೋಡಿದರೆ ಅದು ಹೇಗೆ ಸಾಧ್ಯವಾಯಿತೋ ಅನ್ನಿಸುತ್ತದೆ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಇಲ್ಲಿ ತಂಗಿದ್ದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಾಗ ದೇಶದೇಶಗಳ ನಾಯಕರು ಬಂದು ಕೂತು ಮಾತಾಡಿದ್ದೂ ಈ ಬೆಟ್ಟದ ಮೇಲೆಯೇ.

ಇಷ್ಟೆಲ್ಲ ಇದ್ದರೂ, ಎರಡರಲ್ಲಿ ಒಂದೇ ನೋಡಬಹುದು ಅಂದರೆ ನಾನು ಬುಡಕ್ಕೇ ಹೋಗಿ ಅನ್ನುತ್ತೇನೆ. ನಂದಿ ಗ್ರಾಮದ ಭೋಗನಂದೀಶ್ವರನ ಗುಡಿ ನಮ್ಮೂರಿನಿಂದ ಐದಾರು ಕಿ.ಮೀ. ಅಷ್ಟೇ. ಬೆಟ್ಟಕ್ಕೆ ಹೋಗುವ ನೂರು ಜನರಲ್ಲಿ ಹತ್ತು ಜನವೂ ಇಲ್ಲಿ ಇಳಿಯುವುದಿಲ್ಲ ಅನ್ನಿಸುತ್ತದೆ.

ಈ ಗುಡಿಯ ಬಗ್ಗೆ ಸಿಗುವ ಹಳೆಯ ಶಾಸನ 806ನೇ ಇಸವಿಯದು, ನೊಳಂಬ ಅರಸರ ಕಾಲದ್ದು. ಆಮೇಲೆ ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರೂ ಇಲ್ಲಿಗೆ ಬಂದಿದ್ದಾರೆ. ಬಂದವರು ಹಿಂದಿನವರದ್ದನ್ನು ಕೆಡವಲಿಲ್ಲ, ತಮ್ಮದನ್ನು ಸೇರಿಸಿದರು. ಹಾಗಾಗಿ ಒಂದೇ ಅಂಗಳದಲ್ಲಿ ಇಷ್ಟು ಶತಮಾನಗಳ ಕೆಲಸ ಒಟ್ಟಿಗೆ ನೋಡಬಹುದು. ಎರಡು ದೊಡ್ಡ ಗುಡಿಗಳು ಪಕ್ಕಪಕ್ಕ ನಿಂತಿವೆ. ಒಂದರಲ್ಲಿ ಅರುಣಾಚಲೇಶ್ವರ, ಇನ್ನೊಂದರಲ್ಲಿ ಭೋಗನಂದೀಶ್ವರ. ನಡುವೆ ಪುಟ್ಟದಾಗಿ ಉಮಾಮಹೇಶ್ವರ. ಆ ಪುಟ್ಟ ಗುಡಿಯ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಶಿವ-ಪಾರ್ವತಿ, ಬ್ರಹ್ಮ-ಸರಸ್ವತಿ, ವಿಷ್ಣು-ಲಕ್ಷ್ಮಿ, ಅಗ್ನಿ-ಸ್ವಾಹಾ, ನಾಲ್ಕು ಜೋಡಿಗಳು ಅಲ್ಲಿವೆ. ಗುಡಿಯ ಜಾಲಂದ್ರಗಳನ್ನೂ ಬಿಡಬೇಡಿ. ಗಾಳಿ ಬೆಳಕಿಗೆ ಅಂತ ಕಲ್ಲು ಕೊರೆದ ಕಿಟಕಿಯಲ್ಲೇ ಕುಣಿಯುವ ಶಿವನನ್ನು, ಕೋಣನ ತಲೆಯ ಮೇಲೆ ನಿಂತ ದುರ್ಗೆಯನ್ನು ಕೆತ್ತಿದ್ದಾರೆ.

ನಮ್ಮ ಕಡೆ ಹೇಳುವುದು ಹೀಗೆ: ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ಎಲ್ಲ ಬಿಟ್ಟು ಕೂತ ಯೋಗಿ. ಈ ಕಥೆ ಗೊತ್ತಿದ್ದು ಹೋದರೆ ಬುಡ ಮತ್ತು ತುದಿ ಎರಡೂ ಒಂದೇ ಜಾಗ ಅನ್ನುವುದು ತಿಳಿಯುತ್ತದೆ. ಬುಡ ನೋಡದೆ ತುದಿಗೆ ಹೋದವರು ಕಥೆಯ ಕೊನೆಯನ್ನಷ್ಟೇ ಕೇಳಿ ಬಂದ ಹಾಗೆ.

ಒಳಗೆ ಇನ್ನೊಂದು ಪ್ರಾಕಾರ ದಾಟಿದರೆ ಶೃಂಗಿ ತೀರ್ಥ ಅನ್ನುವ ಕಲ್ಯಾಣಿ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಲ್ಲಿನ ಮಂಟಪ. ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲೇ ಅಂತ ನಂಬಿಕೆ. ಮಧ್ಯಾಹ್ನದ ಬಿಸಿಲಲ್ಲೂ ಆ ಮಂಟಪದ ನೆರಳು ತಂಪಾಗಿರುತ್ತದೆ. ಮಂಡಿ ನೋವಿನ ಅಪ್ಪ-ಅಮ್ಮ ಇದ್ದರೆ, ಎಳೆ ಮಗು ಇದ್ದರೆ, ಇದಕ್ಕಿಂತ ಒಳ್ಳೆಯ ಜಾಗ ನಾನು ಹೇಳಲಾರೆ. ಶಿವರಾತ್ರಿ ಹೊತ್ತಿಗೆ ಇಲ್ಲಿ ದೊಡ್ಡ ಜಾತ್ರೆ, ತೇರು, ದನಗಳ ಸಂತೆ. ಜನಜಂಗುಳಿ ಇಷ್ಟ ಇದ್ದವರಿಗೆ ಅದು ಹಬ್ಬ. ಶಿಲ್ಪ ನೋಡಬೇಕು ಅನ್ನುವವರು ಆ ವಾರ ಬಿಟ್ಟು ಹೋಗಿ.

ಎರಡೂ ಬೇಕು ಅನ್ನುವವರು ನಸುಕಿಗೆ ಮೇಲೆ ಹೋಗಿ, ಬಿಸಿಲು ಏರುವ ಹೊತ್ತಿಗೆ ಇಳಿದು ಗುಡಿಗೆ ಬನ್ನಿ. ತಿರುಗಾಮುರುಗಾ ಮಾಡಬೇಡಿ. ಹತ್ತು ಗಂಟೆ ಮೇಲೆ ಬೆಟ್ಟದಲ್ಲಿ ಮಂಜೂ ಇರುವುದಿಲ್ಲ, ಗಾಡಿ ನಿಲ್ಲಿಸಲು ಜಾಗವೂ ಇರುವುದಿಲ್ಲ. ಸಮಯ ಉಳಿದರೆ ದೊಡ್ಡಬಳ್ಳಾಪುರ ಕಡೆಯ ಘಾಟಿ ಸುಬ್ರಹ್ಮಣ್ಯಕ್ಕೂ ಹೋಗಿ ಬರಬಹುದು. ಅಲ್ಲಿ ಒಂದೇ ವಿಗ್ರಹದಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ನರಸಿಂಹನ ದರ್ಶನ ಹಿಂದಿಟ್ಟ ಕನ್ನಡಿಯಲ್ಲಿ.

ಹತ್ತುವವರಿಗೆ: ಸ್ಕಂದಗಿರಿ, ಗುಡಿಬಂಡೆ, ಆವಲಬೆಟ್ಟ

ಬೆಟ್ಟ ಹತ್ತಬೇಕು, ಬೆವರು ಸುರಿಯಬೇಕು ಅನ್ನುವವರಿಗೆ ಮೂರು ಆಯ್ಕೆ.

ಸ್ಕಂದಗಿರಿ ಊರಿಗೆ ತೀರಾ ಹತ್ತಿರ. ಕಳವಾರ ಬೆಟ್ಟ ಅಂದರೆ ಇಲ್ಲಿನ ಎಲ್ಲರಿಗೂ ಗೊತ್ತು. ಎತ್ತರ 1,450 ಮೀಟರ್ ಆಸುಪಾಸು, ನಂದಿಗಿಂತ ಬಹಳ ಕಡಿಮೆಯೇನಲ್ಲ. ಆದರೆ ಇಲ್ಲಿ ಗಾಡಿ ರಸ್ತೆ ಇಲ್ಲ, ಪೂರ್ತಿ ಕಾಲ್ನಡಿಗೆ. ಪಾಪಾಗ್ನಿ ಮಠದ ಕಡೆಯಿಂದ ಹತ್ತಬೇಕು. ದಾರಿ ಕಲ್ಲು ಮುಳ್ಳಿನದು, ಕೆಲವು ಕಡೆ ಕೈ ಊರಿ ಏರಬೇಕಾಗುತ್ತದೆ. ಮೇಲೆ ಹಳೆಯ ಕೋಟೆಯ ಮುರಿದ ಗೋಡೆಗಳಿವೆ. ಮಂಜು ಕೆಳಗೆ ಹಾಸಿಕೊಂಡು ಕಾಣುವ ದಿನ ಸಿಕ್ಕರೆ ನಿಮ್ಮ ಅದೃಷ್ಟ. ಇದಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕೇ ಬೇಕು. ರಾತ್ರಿ ಚಾರಣ ನಿಷೇಧ. "ಹಿಂದೆ ರಾತ್ರಿ ಹತ್ತಿದ್ದೆವು, ಏನೂ ಆಗಲ್ಲ" ಅನ್ನುವ ಗೆಳೆಯರ ಮಾತು ಕೇಳಬೇಡಿ. ಕತ್ತಲಲ್ಲಿ ಆ ಬಂಡೆಗಳ ಮೇಲೆ ಕಾಲು ಜಾರಿದರೆ ಎತ್ತಿಕೊಂಡು ಬರಲು ಗಂಟೆಗಟ್ಟಲೆ ಬೇಕು.

ಗುಡಿಬಂಡೆಗೆ ಹೈದರಾಬಾದ್ ಹೆದ್ದಾರಿಯಲ್ಲಿ ಪೆರೇಸಂದ್ರದವರೆಗೆ ಹೋಗಿ ಎಡಕ್ಕೆ ತಿರುಗಬೇಕು. ಒಟ್ಟು ಮುಕ್ಕಾಲು ಗಂಟೆಯ ಹಾದಿ. 17ನೇ ಶತಮಾನದ ಪಾಳೇಗಾರ ಬೈರೇಗೌಡ ಕಟ್ಟಿಸಿದ ಕೋಟೆ ಅದು. ಇದ್ದವರಿಂದ ದೋಚಿ ಇಲ್ಲದವರಿಗೆ ಹಂಚುತ್ತಿದ್ದ ಅಂತ ಅವನ ಬಗ್ಗೆ ಕಥೆಗಳಿವೆ. ಹತ್ತಲು ಒಂದು ತಾಸು ಸಾಕು. ನನಗೆ ಈ ಕೋಟೆಯಲ್ಲಿ ಇಷ್ಟವಾಗುವುದು ಗೋಡೆ, ಬಾಗಿಲುಗಳಿಗಿಂತ ನೀರಿನ ವ್ಯವಸ್ಥೆ. ಬಂಡೆಯ ಮೇಲೆ ಬಿದ್ದ ಮಳೆ ಹರಿದು ಹೋಗದ ಹಾಗೆ ಅಲ್ಲಲ್ಲಿ ಹೊಂಡಗಳನ್ನು ಮಾಡಿದ್ದಾರೆ. ನದಿ ಹರಿಯದ ನಾಡಿನಲ್ಲಿ ಬದುಕಬೇಕಾದರೆ ಬಂಡೆಯ ಮೇಲಿನ ಹನಿಯನ್ನೂ ಬಿಡಬಾರದು ಅನ್ನುವುದು ಅವರಿಗೆ ಗೊತ್ತಿತ್ತು. ಕೋಟೆಯ ತುದಿಯಲ್ಲಿ ರಾಮಲಿಂಗೇಶ್ವರನ ಗುಡಿ ಇದೆ.

ಕೆಳಗೆ ಬೈರಸಾಗರ ಕೆರೆ. ಮೇಲಿನಿಂದ ನೋಡಿದರೆ ಭಾರತದ ಭೂಪಟದ ಆಕಾರ ಕಾಣುತ್ತದೆ ಅಂತ ಹೆಸರಾಗಿದೆ. ಮಕ್ಕಳನ್ನು ಕರೆದುಕೊಂಡು ಹೋದರೆ "ಕನ್ಯಾಕುಮಾರಿ ಎಲ್ಲಿ, ಕಾಶ್ಮೀರ ಎಲ್ಲಿ" ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಆದರೆ ಕೆರೆಯಲ್ಲಿ ನೀರಿದ್ದಾಗ ಮಾತ್ರ ಈ ಆಟ. ಮಳೆ ಕೈಕೊಟ್ಟ ವರ್ಷ ಬರೀ ಬಯಲು ಕಾಣುತ್ತದೆ. ಮುಂಗಾರು ಮುಗಿದು ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಒಳ್ಳೆಯ ಕಾಲ.

ಆವಲಬೆಟ್ಟವೂ ಅದೇ ಕಡೆ. ಇಲ್ಲಿ ಗಾಡಿ ಬಹುದೂರ ಮೇಲೆ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಮೇಲೆ ನರಸಿಂಹಸ್ವಾಮಿ ಗುಡಿ. ಈಚೆಗೆ ಈ ಬೆಟ್ಟ ಹೆಸರಾಗಿರುವುದು ಮಾತ್ರ ಗುಡಿಯಿಂದಲ್ಲ, ಪ್ರಪಾತದ ಮೇಲೆ ಚಾಚಿಕೊಂಡ ಒಂದು ಬಂಡೆಯಿಂದ. ಅದರ ತುದಿಯಲ್ಲಿ ನಿಂತ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುತ್ತದೆ. ದಯವಿಟ್ಟು ಅದರ ತುದಿಗೆ ಹೋಗಬೇಡಿ. ಬೇಲಿ ಹಾಕಿದ್ದರೆ ದಾಟಬೇಡಿ, ಹಾಕಿಲ್ಲದಿದ್ದರೂ ದೂರ ಇರಿ. ಆ ಬೆಟ್ಟದ ಗಾಳಿ, ಎದುರಿನ ಬಯಲು, ಎಲ್ಲ ಗುಡಿಯ ಜಗಲಿಯಿಂದಲೂ ಚೆನ್ನಾಗಿಯೇ ಸಿಗುತ್ತವೆ.

ಗೆಳೆಯರ ಗುಂಪಾದರೆ ಸ್ಕಂದಗಿರಿ. ಎಂಟು ಹತ್ತು ವರ್ಷದ ಮಕ್ಕಳಿದ್ದರೆ ಗುಡಿಬಂಡೆ. ಹರಕೆ, ಪೂಜೆ ಅಂತ ಮನೆಮಂದಿಯೆಲ್ಲ ಹೊರಟರೆ ಆವಲಬೆಟ್ಟ. ಮಾರ್ಚಿನಿಂದ ಮೇವರೆಗೆ ಮೂರೂ ಬೇಡ. ನಮ್ಮ ಬೆಟ್ಟಗಳಲ್ಲಿ ಮರ ಕಡಿಮೆ, ಬಂಡೆ ಜಾಸ್ತಿ. ಒಂಬತ್ತು ಗಂಟೆಗೇ ಕಾಲಡಿಯ ಕಲ್ಲು ಸುಡಲು ಶುರುವಾಗುತ್ತದೆ. ತಲೆಗೊಂದು ಟೋಪಿ, ಒಬ್ಬರಿಗೆ ಎರಡು ಲೀಟರ್ ನೀರು ಯಾವ ತಿಂಗಳಾದರೂ ಇರಲಿ. ತಂದ ಬಾಟಲಿ ವಾಪಸ್ ತನ್ನಿ. ಆ ಹೊಂಡಗಳಲ್ಲಿ ತೇಲುವ ಪ್ಲಾಸ್ಟಿಕ್ ನೋಡಿದರೆ ಕರುಳು ಚುರುಕ್ ಅನ್ನುತ್ತದೆ.

ಅರ್ಧ ದಿನ ಮಾತ್ರ ಇದ್ದರೆ

ಬೆಳಿಗ್ಗೆ ಬಟ್ಟೆ ಒಗೆದು, ತಿಂಡಿ ಮುಗಿಸಿ ಹನ್ನೊಂದಕ್ಕೆ ಹೊರಡುವವರೂ ಇರುತ್ತಾರೆ, ಅಲ್ವಾ? ಅವರಿಗೆ ಮುದ್ದೇನಹಳ್ಳಿ ಅಥವಾ ಆದಿಯೋಗಿ. ಎರಡೂ ಊರಿಗೆ ಹತ್ತಿರ.

ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಮನೆಯ ಜಾಗ, ವಸ್ತು ಸಂಗ್ರಹಾಲಯ, ಸಮಾಧಿ ಎಲ್ಲ ಇಲ್ಲೇ. 1955ರಲ್ಲಿ ಭಾರತ ರತ್ನ ಪಡೆದವರು, ನೀರು ತುಂಬಿದಾಗ ತಾನಾಗಿ ತೆರೆಯುವ ಅಣೆಕಟ್ಟೆ ಗೇಟುಗಳನ್ನು 1903ರಲ್ಲೇ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಹಾಕಿಸಿದವರು, ಕೊನೆಗೆ ಈ ಪುಟ್ಟ ಹಳ್ಳಿಯ ಮಣ್ಣಿಗೇ ಬಂದರು. ಓದುವ ಮಕ್ಕಳಿರುವ ಮನೆಯವರು ಒಮ್ಮೆಯಾದರೂ ಹೋಗಲೇಬೇಕು. ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ ಮಾತ್ರ ಸಭೆ, ಸಮಾರಂಭ, ಜನ. ಬೇರೆ ದಿನ ನಿಧಾನವಾಗಿ ನೋಡಬಹುದು.

ಆವಲಗುರ್ಕಿಯ ಹತ್ತಿರ ಈಶಾ ಕೇಂದ್ರದ 112 ಅಡಿಯ ಆದಿಯೋಗಿ ಮೂರ್ತಿ 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಸಂಜೆಗೆ ಹೋಗಿ. ಹಗಲಲ್ಲಿ ನೆರಳಿಲ್ಲ. ಕತ್ತಲಾದ ಮೇಲೆ ಬೆಳಕು-ಧ್ವನಿಯ ಪ್ರದರ್ಶನ ಇರುತ್ತದೆ. ಹಿಂದಿನ ಬೆಟ್ಟಸಾಲು ನೋಡಲು ಚೆಂದ. ಭಾನುವಾರ ಸಂಜೆ ಹೊರಬರುವ ರಸ್ತೆಯಲ್ಲಿ ಗಾಡಿಗಳು ತುಂಬಿಕೊಳ್ಳುತ್ತವೆ, ಅದಕ್ಕೆ ತಯಾರಾಗಿ ಹೋಗಿ.

ಕೈವಾರವೋ, ವಿದುರಾಶ್ವತ್ಥವೋ?

ಇವೆರಡು ಎದುರುಬದುರು ದಿಕ್ಕಿನವು. ಕೈವಾರ ಪೂರ್ವಕ್ಕೆ, ಚಿಂತಾಮಣಿ ತಾಲೂಕಿನಲ್ಲಿ. ವಿದುರಾಶ್ವತ್ಥ ಪಶ್ಚಿಮಕ್ಕೆ, ಗೌರಿಬಿದನೂರು ದಾಟಿ ಆರು ಕಿ.ಮೀ. ಎರಡಕ್ಕೂ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ಎರಡೂ ಯಾತ್ರಾ ಸ್ಥಳ, ಆದರೂ ಬೇರೆ ಬೇರೆ.

ಕೈವಾರ ಅಂದರೆ ತಾತಯ್ಯ. ಬಳೆ ಮಾರಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದ ನಾರೇಯಣ ಯೋಗಿಯಾಗಿ, ತೆಲುಗು ಮತ್ತು ಕನ್ನಡ ಎರಡರಲ್ಲೂ ಹಾಡು ಕಟ್ಟಿದರು. ಅವರ ಕಾಲಜ್ಞಾನದ ಮಾತುಗಳನ್ನು ಇವತ್ತಿಗೂ ಇಲ್ಲಿನ ಹಿರಿಯರು ಸಮಯಕ್ಕೆ ಸರಿಯಾಗಿ ನೆನೆಯುತ್ತಾರೆ. ಹೊಸಬರಿಗೆ ಇಲ್ಲೊಂದು ಕಿವಿಮಾತು: ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ಕಡೆ ಅಂಗಡಿಯವರು ಮೊದಲು ತೆಲುಗಿನಲ್ಲಿ ಮಾತಾಡಿಸಿದರೆ ಗಾಬರಿ ಬೇಡ. ಎರಡೂ ಭಾಷೆ ಇಲ್ಲಿನ ಮನೆಮಾತು. ನೀವು ಕನ್ನಡದಲ್ಲಿ ಉತ್ತರ ಕೊಟ್ಟರೆ ಅವರೂ ಕನ್ನಡಕ್ಕೆ ಬರುತ್ತಾರೆ.

ಮಠದಲ್ಲಿ ದಾಸೋಹ ಇದೆ, ಊಟದ ಚಿಂತೆ ಇಲ್ಲ. ಹಳೆಯ ಅಮರನಾರಾಯಣ ಗುಡಿ, ಭೀಮಲಿಂಗೇಶ್ವರನ ಗುಡಿ, ಹಿಂದೆ ಬೆಟ್ಟ. ಮಹಾಭಾರತದ ಏಕಚಕ್ರಪುರ ಇದೇ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅನ್ನುವುದು ಊರವರ ನಂಬಿಕೆ. ಬಂಡಿ ಅನ್ನ ತಿಂದ ರಾಕ್ಷಸನ ಕಥೆಯನ್ನು ಆ ಬೆಟ್ಟ ತೋರಿಸಿ ಹೇಳಿದರೆ ಮಕ್ಕಳು ಕಣ್ಣು ಬಿಟ್ಟು ಕೇಳುತ್ತಾರೆ. ಗುರುಪೂರ್ಣಿಮೆಗೆ ಇಲ್ಲಿ ಹಗಲೂ ರಾತ್ರಿ ಸಂಗೀತ ನಡೆಯುತ್ತದೆ. ಸಂಗೀತ ಪ್ರೀತಿ ಇದ್ದರೆ ಆ ದಿನವನ್ನೇ ಆರಿಸಿ. ಹತ್ತಿರದಲ್ಲೇ ಕೈಲಾಸಗಿರಿ ಇದೆ. ಈಚಿನ ದಶಕಗಳಲ್ಲಿ ಬಂಡೆ ಕೊರೆದು ಮಾಡಿದ ಗುಹಾಲಯಗಳು. ಒಳಗೆ ತಂಪು. ಹೋಗುವ ದಾರಿಯಲ್ಲಿ ಶಿಡ್ಲಘಟ್ಟ ಸಿಗುತ್ತದೆ, ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಬೆಳಿಗ್ಗೆ ಗೂಡು ತುಂಬಿದ ಗಾಡಿಗಳು ಓಡಾಡುತ್ತಿರುತ್ತವೆ. ರೈತರ ದುಡಿಮೆಯ ಹೊತ್ತು ಅದು, ಅಡ್ಡ ನಿಂತು ಫೋಟೊ ತೆಗೆಯುವುದು ಬೇಡ.

ಇನ್ನು ವಿದುರಾಶ್ವತ್ಥ. ಇದರ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳಬೇಕು. ಉತ್ತರ ಪಿನಾಕಿನಿ ದಡದ ಊರು. ವಿದುರ ನೆಟ್ಟ ಅಶ್ವತ್ಥ ಅಂತ ಜನ ಪೂಜಿಸುತ್ತಿದ್ದ ಹಳೆಯ ಮರ 2001ರಲ್ಲಿ ಉರುಳಿತು. ಮರ ಹೋದರೂ ನಂಬಿಕೆ ಹೋಗಲಿಲ್ಲ. ಮಕ್ಕಳಾಗಲಿ ಅಂತ, ನಾಗದೋಷ ಕಳೆಯಲಿ ಅಂತ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ನಾಗರ ಕಲ್ಲುಗಳು ಸಾಲು ಸಾಲಾಗಿ ನಿಂತಿವೆ. ಅಷ್ಟು ನಾಗರ ಕಲ್ಲುಗಳನ್ನು ಒಂದೇ ಕಡೆ ನೋಡುವುದು ಅಪರೂಪ.

ಆದರೆ ನಾನು ಅಲ್ಲಿಗೆ ಹೋಗಿ ಅನ್ನುವುದು 1938ರ ಏಪ್ರಿಲ್ 25ಕ್ಕಾಗಿ. ಅದೇ ತಿಂಗಳು ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಕಾಂಗ್ರೆಸ್ಸಿನ ಬಾವುಟ ಹಾರಿಸಬಾರದು ಅನ್ನುವುದು ಆಗಿನ ಮೈಸೂರು ಸರ್ಕಾರದ ಆಜ್ಞೆ. ವಿದುರಾಶ್ವತ್ಥದ ಜಾತ್ರೆಗೆ ಜನ ಸೇರುತ್ತಾರೆ, ಅಲ್ಲೂ ಬಾವುಟ ಹಾರಿಸೋಣ ಅಂತ ಸುತ್ತಲ ಹಳ್ಳಿಯವರು ಬಂದರು. ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಅಲ್ಲೇ ಬಿದ್ದರು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಇದನ್ನು ಕರೆಯುವುದು ಅದಕ್ಕೇ. ಸುದ್ದಿ ದೇಶವನ್ನೆಲ್ಲ ಮುಟ್ಟಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತುಕತೆ ಆಗಿ, ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು.

ಅಲ್ಲಿ ಸ್ಮಾರಕ ಇದೆ, ಚಿತ್ರಗಳ ಗ್ಯಾಲರಿ ಇದೆ. ಗುಡಿಗೆ ಬಂದವರು ಬಹಳಷ್ಟು ಜನ ಪ್ರಸಾದ ತೆಗೆದುಕೊಂಡು ಹಾಗೇ ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಸತ್ತವರು ನಮ್ಮ ಸುತ್ತಮುತ್ತಲ ಹಳ್ಳಿಯ ರೈತಾಪಿ ಜನ. ಹೈಸ್ಕೂಲು ಓದುವ ಮಗಳೋ ಮಗನೋ ಇದ್ದರೆ, ಪಠ್ಯಪುಸ್ತಕದ ಹೋರಾಟ ಎಲ್ಲೋ ಅಮೃತಸರದಲ್ಲಿ ಮಾತ್ರ ನಡೆದದ್ದಲ್ಲ, ನಮ್ಮ ಬಸ್ಸು ಹೋಗುವ ಊರಲ್ಲೂ ನಡೆದಿದೆ ಅನ್ನುವುದು ಅಲ್ಲಿ ನಿಂತಾಗ ಗೊತ್ತಾಗುತ್ತದೆ.

ವಯಸ್ಸಾದವರ ಜೊತೆ, ಊಟ-ವಿಶ್ರಾಂತಿ ಅಂತ ನೋಡಿದರೆ ಕೈವಾರ ಸುಲಭ. ಮಕ್ಕಳಿಗೆ ಊರಿನ ಇತಿಹಾಸ ತೋರಿಸಬೇಕು ಅಂದರೆ ವಿದುರಾಶ್ವತ್ಥ. ರೈಲಿನ ಆಸೆ ಇದ್ದವರಿಗೂ ಇದೇ ಸರಿ. ಬೆಂಗಳೂರು-ಗುಂತಕಲ್ ಹಾದಿಯಲ್ಲಿ ಆ ಊರಿಗೆ ನಿಲ್ದಾಣ ಇದೆ.

ಪೂರ್ತಿ ದಿನ ಕೈಯಲ್ಲಿದ್ದರೆ: ಲೇಪಾಕ್ಷಿ ಅಥವಾ ಮುಳಬಾಗಿಲು ಕಡೆ

ಬೆಳಿಗ್ಗೆ ಆರಕ್ಕೆ ಹೊರಡಬಲ್ಲವರಿಗೆ ಇನ್ನೆರಡು ದಾರಿ.

ಉತ್ತರಕ್ಕೆ ಬಾಗೇಪಲ್ಲಿ ದಾಟಿ ಆಂಧ್ರದ ಗಡಿ ಹೊಕ್ಕರೆ ಲೇಪಾಕ್ಷಿ. ರಸ್ತೆ ಅಗಲ, ಗಾಡಿ ಸರಾಗ ಓಡುತ್ತದೆ. 16ನೇ ಶತಮಾನದ ವಿಜಯನಗರದ ವೀರಭದ್ರ ಗುಡಿ. ನೆಲ ಮುಟ್ಟದ ಕಂಬದ ಕೆಳಗೆ ಬಟ್ಟೆ ತೂರಿಸಿ ನೋಡುವುದೇ ಬಂದವರಿಗೆಲ್ಲ ದೊಡ್ಡ ಕೆಲಸ. ಅದನ್ನು ಬೇಗ ಮುಗಿಸಿ ತಲೆ ಎತ್ತಿ. ಸೂರಿನ ಮೇಲೆ ಬಣ್ಣದ ಚಿತ್ರಗಳಿವೆ. ಸೀರೆಯ ಅಂಚು, ಆಗಿನವರ ಉಡುಪು, ತುರುಬು, ಎಲ್ಲವನ್ನೂ ಕುತ್ತಿಗೆ ನೋಯುವವರೆಗೆ ನೋಡಬಹುದು. ಊರ ಹೊರಗೆ ಒಂದೇ ಕಲ್ಲಿನ ಭಾರೀ ಬಸವಣ್ಣ ಕೂತಿದ್ದಾನೆ. ವಿದುರಾಶ್ವತ್ಥದಿಂದಲೂ ಹಿಂದೂಪುರದ ಮೇಲೆ ಇಲ್ಲಿಗೆ ಬರಬಹುದು. ಸ್ವಂತ ಗಾಡಿ ಇದ್ದರೆ ಹೋಗುವಾಗ ಅದು, ಬರುವಾಗ ಬಾಗೇಪಲ್ಲಿ ರಸ್ತೆ. ಒಂದು ದಿನಕ್ಕೆ ಒಂದೇ ದಿಕ್ಕು ಅನ್ನುವ ನನ್ನ ಮಾತಿಗೆ ಈ ಸುತ್ತು ಒಂದು ಮಾತ್ರ ಹೊರತು.

ಪೂರ್ವಕ್ಕೆ ಚಿಂತಾಮಣಿ, ಶ್ರೀನಿವಾಸಪುರ ದಾಟಿ ಮುಳಬಾಗಿಲು. ನೂರು ಕಿ.ಮೀ. ಹತ್ತಿರವಾಗುತ್ತದೆ, ಕೋಲಾರ ಜಿಲ್ಲೆ. ಡಿ.ವಿ.ಜಿ. ಹುಟ್ಟಿದ ಊರು. ಹೊರವಲಯದ ನರಸಿಂಹ ತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನ ಇದೆ. ಅಲ್ಲಿಂದ ಸ್ವಲ್ಪ ದೂರದ ಕುರುಡುಮಲೆಯಲ್ಲಿ ಒಂದೇ ಕಲ್ಲಿನ ಗಣಪ, ಹದಿಮೂರು ಅಡಿಗೂ ಮಿಕ್ಕಿದ ಎತ್ತರ. ಅಷ್ಟು ದೊಡ್ಡ ಮೂರ್ತಿಯಾದರೂ ಮುಖದಲ್ಲಿ ಎಷ್ಟು ಸೌಮ್ಯ ಅನ್ನುವುದನ್ನು ಎದುರು ನಿಂತೇ ನೋಡಬೇಕು. ಊರಿನಲ್ಲೇ ಇನ್ನೂ ಹಳೆಯ ಸೋಮೇಶ್ವರನ ಗುಡಿ ಇದೆ, ಗಣಪನನ್ನು ನೋಡಿ ಬಂದವರು ಅದನ್ನು ಮರೆತು ಹೊರಡುತ್ತಾರೆ. ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳು. ಲವಕುಶರು ಹುಟ್ಟಿದ್ದು ಇಲ್ಲಿ ಅನ್ನುತ್ತಾರೆ. ಬೆಟ್ಟದ ಮೇಲೆ ಸೀತಮ್ಮನ ಗುಡಿ. ನಂದಿಯ ಬುಡದ ಗುಡಿ ನೋಡಿದವರಿಗೆ ಆವಣಿ ಇನ್ನಷ್ಟು ಇಷ್ಟವಾಗುತ್ತದೆ. ನೊಳಂಬರ ಕೈಕೆಲಸದ ಪರಿಚಯ ಆಗಲೇ ಆಗಿರುತ್ತದಲ್ಲ.

ಚಿತ್ರಕಲೆ, ಒಳ್ಳೆಯ ರಸ್ತೆ, ಬೇಗ ಮನೆ ಸೇರಬೇಕು ಅಂದರೆ ಲೇಪಾಕ್ಷಿ. ಜನ ಕಡಿಮೆ ಇರುವ ಕಡೆ ಹಳೆಯ ಗುಡಿಗಳನ್ನು ನಿಧಾನವಾಗಿ ನೋಡಬೇಕು ಅಂದರೆ ಮುಳಬಾಗಿಲು ಕಡೆ. ಮೇ, ಜೂನ್ ಆದರೆ ಯೋಚನೆಯೇ ಬೇಡ, ಪೂರ್ವಕ್ಕೇ ಹೋಗಿ. ಶ್ರೀನಿವಾಸಪುರದ ರಸ್ತೆಯುದ್ದಕ್ಕೂ ಮಾವಿನ ತೋಪು, ಮಂಡಿ, ಲಾರಿಗಳು. ಬಾದಾಮಿ, ರಸಪುರಿ, ಮಲ್ಲಿಕಾ ಅಲ್ಲೇ ಮೂಸಿ ನೋಡಿ ಕೊಳ್ಳಬಹುದು. ಡಿಸೆಂಬರ್, ಜನವರಿಯಲ್ಲಿ ಹೋದರೆ ದಾರಿಯ ಊಟದ ಮನೆಗಳಲ್ಲಿ ಅವರೆಕಾಳಿನ ಸಾರು, ಬಿಸಿ ಮುದ್ದೆ ಕೇಳಿ. ಹಿತಕಿದ ಬೇಳೆ ಸಾರು ಇದೆ ಅಂದರೆ ಬೇರೇನೂ ಕೇಳಬೇಡಿ.

ಗಾಡಿ ಇಲ್ಲದವರು ಮುಳಬಾಗಿಲಿನವರೆಗೆ ಬಸ್ಸಿನಲ್ಲಿ ಹೋಗಿ, ಕುರುಡುಮಲೆಗೂ ಆವಣಿಗೂ ಸೇರಿಸಿ ಒಂದು ಆಟೊ ಮಾತಾಡಿಕೊಳ್ಳುವುದು ಒಳ್ಳೆಯದು. ಹತ್ತುವ ಮೊದಲೇ ಬಾಡಿಗೆ, ಕಾಯುವ ಹೊತ್ತು ಎರಡನ್ನೂ ಮಾತಾಡಿ. ಈ ಕಡೆ ಸರ್ಕಾರಿ ಬಸ್ಸಿನ ಜೊತೆ ಖಾಸಗಿ ಬಸ್ಸುಗಳೂ ಓಡುತ್ತವೆ. ಹಗಲಲ್ಲಿ ತೊಂದರೆ ಇಲ್ಲ, ಕತ್ತಲಾದ ಮೇಲೆ ಕಡಿಮೆಯಾಗುತ್ತವೆ. ಇಳಿದ ಕೂಡಲೇ ವಾಪಸ್ ಬರುವ ಕೊನೆಯ ಬಸ್ ಎಷ್ಟಕ್ಕೆ ಅಂತ ನಿಲ್ದಾಣದಲ್ಲೇ ಕೇಳಿಕೊಂಡು, ಅದಕ್ಕಿಂತ ಒಂದು ಬಸ್ ಮುಂಚೆಯೇ ಹೊರಡಿ.